ಬೆನ್ನ ಮೇಲೆ ಮೂರು ಚುಕ್ಕಿಯ ಈಜುವ ಏಡಿ: ಗುರುತಿಸುವುದು ಹೇಗೆ, ಬರೆದಿಡುವುದು ಹೇಗೆ?

ಪ್ರಶ್ನೆ: ನಮ್ಮ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಗಾಗಿ ಕಡಲ ಜೀವಿಗಳ ಪಟ್ಟಿ ಮಾಡುತ್ತಿದ್ದೇವೆ. ಗಂಗೊಳ್ಳಿ ಬಂದರಿನಲ್ಲಿ ಒಂದೇ ಬುಟ್ಟಿಯಲ್ಲಿ ಮೂರು ಬಗೆಯ ಏಡಿ ಸಿಕ್ಕಿತು. ಒಂದರ ಬೆನ್ನಿನ ಮೇಲೆ ಕೆಂಪು ಮಿಶ್ರಿತ ನೇರಳೆ ಬಣ್ಣದ ಮೂರು ದುಂಡು ಚುಕ್ಕಿಗಳಿವೆ. ಇನ್ನೊಂದು ನೀಲಿ, ಮೈಮೇಲೆ ಬಿಳಿ ಬಲೆಯಂಥ ಗೆರೆ. ಮತ್ತೊಂದು ಕೆಂಪು, ಅದರ ಮೇಲೆ ಶಿಲುಬೆಯಂಥ ಗುರುತು. ‘ಚುಕ್ಕಿಯದ್ದು ಹೆಣ್ಣು, ನೀಲಿಯದ್ದು ಗಂಡು’ ಎಂದು ಕೆಲವರು, ‘ಬೆಳೆದ ಮೇಲೆ ಚುಕ್ಕಿ ಮೂಡುತ್ತದೆ’ ಎಂದು ಕೆಲವರು ಹೇಳಿದರು. ಚುಕ್ಕಿ ಏಡಿಯ ಚಿತ್ರ ಕಳಿಸಿದ್ದೇವೆ. ಯಾವ ಹೆಸರು ಬರೆಯಬೇಕು? ವಿವರಣೆಯಲ್ಲಿ ಏನೇನು ಇರಬೇಕು?

ಉತ್ತರ: ನಿಮ್ಮ ಚಿತ್ರದಲ್ಲಿರುವುದು ಪೋರ್ಚುನಸ್ ಸ್ಯಾಂಗ್ವಿನೊಲೆಂಟಸ್. ಅದು ನೀಲಿ ಏಡಿಯ ಹೆಣ್ಣಲ್ಲ, ಬೇರೆಯೇ ಪ್ರಭೇದ. ಚುಕ್ಕಿಗಳಿಗೂ ಲಿಂಗಕ್ಕೂ ಸಂಬಂಧವಿಲ್ಲ. ಗಂಡಿಗೂ ಹೆಣ್ಣಿಗೂ ಚುಕ್ಕಿಗಳಿರುತ್ತವೆ, ಕಿರಿಯ ಏಡಿಗಳಲ್ಲೂ ಕಾಣುತ್ತವೆ. ಶಿಲುಬೆ ಗುರುತಿನದ್ದು ಮೂರನೆಯ ಪ್ರಭೇದ ಮಾತ್ರವಲ್ಲ, ಅದರ ಕುಲವೇ ಬೇರೆ: ಕ್ಯಾರಿಬ್ಡಿಸ್ ಫೆರಿಯಾಟಾ. ನೀಲಿ ಏಡಿಯ ಹೆಸರು ಮಾತ್ರ ಸ್ವಲ್ಪ ಜಟಿಲ, ಅದನ್ನು ಆಮೇಲೆ ಹೇಳುತ್ತೇನೆ.

ಆದರೆ ಬರೀ ಹೆಸರು ಪಡೆದುಕೊಂಡು ಹೋದರೆ ನಿಮ್ಮ ದಾಖಲಾತಿಗೆ ಅರ್ಧ ಪ್ರಯೋಜನ ಮಾತ್ರ. ಹತ್ತು ವರ್ಷ ಕಳೆದು ಆ ಪುಟ ತೆರೆದವರು ‘ಇದು ನಿಜಕ್ಕೂ ಅದೇ ಏಡಿಯೇ?’ ಎಂದು ಪರೀಕ್ಷಿಸುವಂತೆ ನಿಮ್ಮ ವಿವರಣೆ ಇರಬೇಕು. ಬಣ್ಣವನ್ನಷ್ಟೇ ನಂಬಿ ಬರೆದ ವಿವರಣೆಗೆ ಆ ಬಲ ಇರುವುದಿಲ್ಲ. ಮಂಜುಗಡ್ಡೆಯಲ್ಲಿಟ್ಟ ಏಡಿ ಮಂಕಾಗುತ್ತದೆ, ಸ್ಪಿರಿಟ್‌ನಲ್ಲಿಟ್ಟದ್ದು ಬಣ್ಣ ಬಿಡುತ್ತದೆ, ಬೇಯಿಸಿದರೆ ಎಲ್ಲವೂ ಕೆಂಪು. ಚಿಪ್ಪಿನಲ್ಲಿರುವ ಆಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯ ಜೀವಂತ ಏಡಿಯಲ್ಲಿ ಪ್ರೋಟೀನಿನೊಂದಿಗೆ ಬೆಸೆದುಕೊಂಡು ನೀಲಿಯಾಗಿಯೋ ಹಸಿರಾಗಿಯೋ ತೋರುತ್ತದೆ. ಬಿಸಿ ತಾಗಿ ಪ್ರೋಟೀನು ಬಿಟ್ಟುಕೊಂಡಾಗ ಮೂಲ ಕೆಂಪು ಹೊರಬರುತ್ತದೆ. ಚಿಪ್ಪಿನ ಅಂಚಿನ ಹಲ್ಲು, ಮುಳ್ಳು, ಕಾಲಿನ ಆಕಾರಗಳು ಹಾಗೆ ಬದಲಾಗುವುದಿಲ್ಲ. ಆದ್ದರಿಂದ ಬಣ್ಣವನ್ನು ಸುಳಿವಾಗಿ ಇಟ್ಟುಕೊಳ್ಳಿ, ತೀರ್ಮಾನವನ್ನು ಹಲ್ಲುಗಳ ಮೇಲೆ ಮಾಡಿ.

ಮೊದಲ ಪ್ರಶ್ನೆ, ಇದು ಈಜುವ ಏಡಿಯೇ ಎಂಬುದು. ಏಡಿಗೆ ಐದು ಜೊತೆ ಕಾಲು. ಮೊದಲ ಜೊತೆ ಇಕ್ಕಳ. ಕೊನೆಯ ಜೊತೆಯನ್ನು ಬಿಡಿಸಿ ನೋಡಿ. ಅದರ ತುದಿಯ ಎರಡು ಗೆಣ್ಣುಗಳು ಚಪ್ಪಟೆಯಾಗಿ, ಅಂಚಿಗೆ ರೋಮವಿದ್ದು, ದೋಣಿಯ ಹುಟ್ಟಿನ ಹಾಗಿದ್ದರೆ ಅದು ಪೋರ್ಚುನಿಡೀ ಕುಟುಂಬದ್ದು. ಈ ಹುಟ್ಟುಗಾಲುಗಳನ್ನು ಬೆನ್ನಿನ ಹಿಂದೆ ಎತ್ತಿ ತಿರುಗಿಸುತ್ತಾ ಏಡಿ ಪಕ್ಕಕ್ಕೆ ಈಜುತ್ತದೆ. ಅಪಾಯ ಕಂಡರೆ ಅದೇ ಕಾಲಿನಿಂದ ಮರಳು ಕೆದಕಿ ಹಿಮ್ಮುಖವಾಗಿ ಹೂತುಕೊಳ್ಳುತ್ತದೆ. ಅಳಿವೆ, ಹಿನ್ನೀರುಗಳಲ್ಲಿ ಸಿಗುವ ದೊಡ್ಡ ಕೆಸರು ಏಡಿ, ಅಂದರೆ ಸ್ಕಿಲ್ಲಾ, ಇದೇ ಕುಟುಂಬಕ್ಕೆ ಸೇರಿದ್ದು ಎಂದರೆ ಅನೇಕರಿಗೆ ಅಚ್ಚರಿಯಾಗುತ್ತದೆ. ಅದರ ಹಿಂಗಾಲು ನೋಡಿದರೆ ಅನುಮಾನ ಉಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಮರಳು ದಂಡೆಯಲ್ಲಿ ಕೈರಂಪಣಿ ಬಲೆ ಎಳೆದಾಗ ಮುಷ್ಟಿಗಿಂತ ಚಿಕ್ಕದಾದ, ತಿಳಿ ಹಳದಿ ಮೈಮೇಲೆ ಸಣ್ಣ ನೇರಳೆ ಚುಕ್ಕಿಗಳಿರುವ, ಎರಡೂ ಪಕ್ಕದಲ್ಲಿ ಒಂದೊಂದು ಉದ್ದ ಮುಳ್ಳಿರುವ ಏಡಿಗಳು ಬರುತ್ತವೆ. ಅವು ಮಟೂಟಾ ಬಳಗದವು. ಅವುಗಳ ಹಿಂಗಾಲು ಮಾತ್ರವಲ್ಲ, ಇಕ್ಕಳ ಬಿಟ್ಟು ಉಳಿದ ನಾಲ್ಕು ಜೊತೆ ಕಾಲೂ ಚಪ್ಪಟೆ. ಚುಕ್ಕಿ ಕಂಡ ಕೂಡಲೇ ಇವನ್ನು ಚುಕ್ಕಿ ಏಡಿಯ ಮರಿ ಎಂದು ಬರೆದುಬಿಡಬೇಡಿ. ಇವು ಬೇರೆ ಕುಟುಂಬದವು.

ಕುಟುಂಬ ಖಚಿತವಾದ ಮೇಲೆ ಚಿಪ್ಪಿನ ಮುಂದಿನ ಅಂಚಿಗೆ ಬನ್ನಿ. ಎಣಿಸುವ ಕ್ರಮ ತಪ್ಪಿದರೆ ಕುಲವೇ ತಪ್ಪುತ್ತದೆ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಕಣ್ಣಿನ ಗುಳಿಯ ಹೊರ ಮೂಲೆಯಲ್ಲಿ ಒಂದು ಹಲ್ಲಿದೆ. ಅದೇ ಒಂದನೆಯದು. ಅಲ್ಲಿಂದ ಪಕ್ಕಕ್ಕೆ, ಚಿಪ್ಪಿನ ಅತಿ ಅಗಲವಾದ ಜಾಗದವರೆಗೆ ಎಣಿಸುತ್ತಾ ಹೋಗಿ. ಪೋರ್ಚುನಸ್‌ನಲ್ಲಿ ಒಟ್ಟು ಒಂಬತ್ತು ಸಿಗುತ್ತವೆ. ಒಂಬತ್ತನೆಯದು ಹಲ್ಲಲ್ಲ, ಪಕ್ಕಕ್ಕೆ ಚಾಚಿದ ಉದ್ದ ಮುಳ್ಳು. ಸ್ಕಿಲ್ಲಾದಲ್ಲೂ ಒಂಬತ್ತೇ, ಆದರೆ ಎಲ್ಲವೂ ಹೆಚ್ಚುಕಡಿಮೆ ಸಮ, ಉದ್ದ ಮುಳ್ಳಿಲ್ಲ; ಇಕ್ಕಳವೂ ದಪ್ಪ, ನುಣುಪು. ಕ್ಯಾರಿಬ್ಡಿಸ್‌ನಲ್ಲಿ ಸಾಮಾನ್ಯವಾಗಿ ಆರು. ನಿಮ್ಮ ಶಿಲುಬೆ ಏಡಿಯಲ್ಲಿ ಆ ಆರರಲ್ಲಿ ಮೊದಲನೆಯದು ಮೊಂಡಾಗಿ ಕತ್ತರಿಸಿದಂತಿದ್ದು ನಡುವೆ ಸಣ್ಣ ಕಚ್ಚು ಇರುತ್ತದೆ. ಆ ಕಚ್ಚನ್ನು ಲೆಕ್ಕಕ್ಕೆ ಹಿಡಿದು ಏಳು ಎಂದು ಬರೆಯುವವರಿದ್ದಾರೆ, ಜೋಪಾನ.

ಆಮೇಲೆ ಎರಡು ಕಣ್ಣುಗಳ ನಡುವಿನ ಹಣೆ. ಕಣ್ಣಿನ ಗುಳಿಯ ಒಳ ಮೂಲೆಯ ಹಲ್ಲನ್ನು ಬಿಟ್ಟು ಎಣಿಸಿದರೆ ಚುಕ್ಕಿ ಏಡಿಗೂ ನೀಲಿ ಏಡಿಗೂ ನಾಲ್ಕು. ಚೀನಾ, ಜಪಾನ್, ಕೊರಿಯಾ ಕಡೆಯ ದೊಡ್ಡ ವಾಣಿಜ್ಯ ಏಡಿ ಪೋರ್ಚುನಸ್ ಟ್ರೈಟ್ಯುಬರ್ಕ್ಯುಲೇಟಸ್‌ಗೆ ಅಲ್ಲಿ ಎರಡೇ. ಅಂತರ್ಜಾಲದಲ್ಲಿ ಚಿತ್ರ ಹುಡುಕುವಾಗ ನಮ್ಮ ಏಡಿಯ ಜೊತೆ ಅದೂ ಬಂದು ಗೊಂದಲ ಮಾಡುತ್ತದೆ. ಅದು ಪೂರ್ವ ಏಷ್ಯಾದ್ದು, ನಮ್ಮ ಕಡಲಿನದಲ್ಲ.

ಈಗ ಚುಕ್ಕಿ ಏಡಿಯನ್ನೂ ನೀಲಿ ಏಡಿಯನ್ನೂ ಅಕ್ಕಪಕ್ಕ ಇಡಿ. ಎರಡೂ ಪೋರ್ಚುನಸ್, ಎರಡಕ್ಕೂ ಒಂಬತ್ತು ಹಲ್ಲು, ಎರಡಕ್ಕೂ ಉದ್ದ, ಏಣುಗೆರೆಗಳಿರುವ ಇಕ್ಕಳ. ಅದಕ್ಕೇ ಬಂದರಿನಲ್ಲಿ ಅವು ಗಂಡು-ಹೆಣ್ಣಿನ ಜೋಡಿ ಎಂಬ ಮಾತು ಹುಟ್ಟಿಕೊಂಡಿದ್ದು. ಬೆರಳಿನಿಂದ ಬೆನ್ನು ಸವರಿ. ನೀಲಿ ಏಡಿಯ ಚಿಪ್ಪು ಹರಳು ಹರಳಾಗಿ ಒರಟಾಗಿ ತಾಗುತ್ತದೆ. ಚುಕ್ಕಿ ಏಡಿಯದು ಮುಂಭಾಗದಲ್ಲಿ ಮಾತ್ರ ನವಿರಾದ ಹರಳು, ಹಿಂಭಾಗ ನುಣುಪು. ಚುಕ್ಕಿಗಳಿರುವುದೂ ಆ ನುಣುಪಾದ ಹಿಂಭಾಗದಲ್ಲೇ: ನಡುವೆ ಒಂದು, ಅಕ್ಕಪಕ್ಕ ಒಂದೊಂದು, ಪ್ರತಿಯೊಂದರ ಸುತ್ತ ತಿಳಿ ಬಣ್ಣದ ಅಂಚು. ಉಳಿದ ಮೈ ಬೂದು ಹಸಿರು. ನಮ್ಮ ಕಡಲಿನ ಪೋರ್ಚುನಸ್‌ಗಳಲ್ಲಿ ಇಂಥ ಮೂರು ಚುಕ್ಕಿ ಬೇರೆ ಯಾವುದಕ್ಕೂ ಇಲ್ಲ. ಹಾಗಾಗಿ ಒಂಬತ್ತು ಹಲ್ಲು, ಉದ್ದ ಮುಳ್ಳು, ಹಣೆಯಲ್ಲಿ ನಾಲ್ಕು ಹಲ್ಲು, ಬೆನ್ನ ಹಿಂಭಾಗದಲ್ಲಿ ಮೂರು ಚುಕ್ಕಿ ಎಂಬಷ್ಟು ಕೂಡಿ ಬಂದರೆ ಹೆಸರಿನ ಬಗ್ಗೆ ಅಳುಕಬೇಕಿಲ್ಲ.

ಹಾಗಾದರೆ ನೀಲಿ ಏಡಿಯ ಹೆಣ್ಣು ಎಲ್ಲಿ? ನೀವು ಅದನ್ನು ಬುಟ್ಟಿಯಲ್ಲಿ ಕಂಡಿರುತ್ತೀರಿ, ನೀಲಿಯಲ್ಲದ್ದರಿಂದ ಬೇರೆ ಜಾತಿ ಎಂದುಕೊಂಡಿರುತ್ತೀರಿ. ಆ ಗುಂಪಿನಲ್ಲಿ ಗಾಢ ನೀಲಿ ಇಕ್ಕಳ, ನೀಲಿ ಕಾಲು ಗಂಡಿನದು. ಹೆಣ್ಣು ಕಂದು ಅಥವಾ ಪಾಚಿ ಹಸಿರು. ಬಲೆಯಂಥ ಮಚ್ಚೆ ಇಬ್ಬರಿಗೂ ಉಂಟು. ಬಂದರಿನವರ ಮಾತಿನಲ್ಲಿ ಗಂಡು-ಹೆಣ್ಣಿಗೆ ಬಣ್ಣ ಬೇರೆ ಎಂಬಷ್ಟು ಸರಿಯೇ ಇದೆ. ಜೋಡಿ ಮಾತ್ರ ಅದಲುಬದಲಾಗಿದೆ.

ಲಿಂಗ ತಿಳಿಯಲು ಏಡಿಯನ್ನು ಹೊಟ್ಟೆ ಮೇಲಾಗುವಂತೆ ಅಂಗಾತ ಹಾಕಬೇಕು. ಹೊಟ್ಟೆಯ ಕೆಳಗೆ ಮಡಚಿಕೊಂಡಿರುವ ಮುಚ್ಚಳ ಗಂಡಿನಲ್ಲಿ ಬುಡದಲ್ಲಷ್ಟೇ ಅಗಲ, ಮುಂದೆ ಕಿರಿದು. ಬಲಿತ ಹೆಣ್ಣಿನಲ್ಲಿ ಅಗಲ, ಅರ್ಧವೃತ್ತಾಕಾರ. ಬಲಿಯದ ಹೆಣ್ಣಿನದು ತ್ರಿಕೋನ, ಎದೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಇದನ್ನೇ ಗಂಡು ಎಂದು ತಪ್ಪಾಗಿ ಎಣಿಸುವುದು ಹೆಚ್ಚು. ಸಂದೇಹವಿದ್ದರೆ ಸತ್ತ ಏಡಿಯ ಮುಚ್ಚಳ ಮೆಲ್ಲಗೆ ಬಿಡಿಸಿ. ಗಂಡಿಗೆ ಒಳಗೆ ಎರಡೇ ಜೊತೆ ಕಡ್ಡಿಯಂಥ ಉಪಾಂಗ, ಹೆಣ್ಣಿಗೆ ಕವಲೊಡೆದ ನಾಲ್ಕು ಜೊತೆ. ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಗಳನ್ನು ಅಂಟಿಸಿಕೊಂಡು ಹೊರುವುದು ಆ ಕವಲುಗಳ ರೋಮಕ್ಕೇ. ಮೊಟ್ಟೆಯ ಗೊಂಚಲು ಮೊದಲು ಹಳದಿ-ಕಿತ್ತಳೆ, ಮರಿಗಳ ಕಣ್ಣು ಮೂಡುತ್ತಾ ಬಂದಂತೆ ಕಂದು, ಕೊನೆಗೆ ಕಪ್ಪು ಬೂದು. ಗೊಂಚಲಿನ ಬಣ್ಣವನ್ನು ದಿನಾಂಕದೊಂದಿಗೆ ಬರೆದಿಟ್ಟರೆ ನಿಮ್ಮ ತೀರದಲ್ಲಿ ಅವು ಮರಿಬಿಡುವ ಕಾಲ ತಾನಾಗಿ ಸ್ಪಷ್ಟವಾಗುತ್ತದೆ. ದಾಖಲಾತಿಯಲ್ಲಿ ಅದಕ್ಕೊಂದು ಅಂಕಣ ದಯವಿಟ್ಟು ಇಡಿ.

ಲಿಂಗದ ವಿಷಯದಲ್ಲಿ ಒಂದು ವಿಚಿತ್ರವೂ ಕಣ್ಣಿಗೆ ಬೀಳಬಹುದು. ಈ ಕುಟುಂಬದ ಏಡಿಗಳಿಗೆ ಸ್ಯಾಕುಲೈನಾ ಬಳಗದ ಪರಾವಲಂಬಿ ತಗಲುತ್ತದೆ. ಬಂಡೆಗಂಟಿ ಬೆಳೆಯುವ ಬಾರ್ನಕಲ್‌ಗಳ ಸಂಬಂಧಿ ಅದು, ಆದರೆ ಏಡಿಯ ಮೈಯೊಳಗೆ ಬೇರಿನಂತೆ ಹರಡಿಕೊಂಡು, ಕೊನೆಗೆ ಮೊಟ್ಟೆ ಇರಬೇಕಾದ ಜಾಗದಲ್ಲೇ ಒಂದು ಚೀಲವಾಗಿ ಹೊರಬರುತ್ತದೆ. ಸೋಂಕಿದ ಗಂಡು ಏಡಿಯ ಮುಚ್ಚಳ ಹೆಣ್ಣಿನದರಂತೆ ಅಗಲವಾಗುತ್ತದೆ, ಅದು ಆ ಚೀಲವನ್ನು ತನ್ನ ಮೊಟ್ಟೆಯೆಂಬಂತೆ ಜೋಪಾನ ಮಾಡುತ್ತದೆ. ಮೊಟ್ಟೆಯ ಗೊಂಚಲು ಕಾಳುಕಾಳಾಗಿರುತ್ತದೆ. ಇದು ಒಂದೇ ನುಣುಪು ಚೀಲ. ಅಂಥದ್ದು ಸಿಕ್ಕರೆ ಚಿತ್ರ ತೆಗೆದು ಪ್ರತ್ಯೇಕವಾಗಿ ದಾಖಲಿಸಿ. ಅದು ನಿಮ್ಮ ಪಟ್ಟಿಗೆ ಇನ್ನೊಂದು ಜೀವಿ.

ದಾರಿ ತಪ್ಪಿಸುವ ಬೇರೆ ಸಂಗತಿಗಳೂ ಇವೆ. ಏಡಿ ಅಪಾಯದಲ್ಲಿ ತನ್ನ ಕಾಲನ್ನು ತಾನೇ ಕಳಚಿಕೊಳ್ಳಬಲ್ಲದು, ಮುಂದಿನ ಸಲ ಪೊರೆ ಬಿಟ್ಟಾಗ ಸಣ್ಣದೊಂದು ಕಾಲು ಮತ್ತೆ ಮೂಡುತ್ತದೆ. ಹಾಗಾಗಿ ಒಂದೇ ಇಕ್ಕಳ ಚಿಕ್ಕದಿದ್ದರೆ ಅದು ಪ್ರಭೇದದ ಲಕ್ಷಣವಲ್ಲ. ಗಂಡು ಪ್ರಾಯಕ್ಕೆ ಬಂದಾಗ ಇಕ್ಕಳ ಮೈಗಿಂತ ವೇಗವಾಗಿ ಉದ್ದವಾಗುತ್ತದೆ. ಎಳೆಯ ಗಂಡಿಗೂ ಬಲಿತ ಗಂಡಿಗೂ ರೂಪದಲ್ಲಿ ವ್ಯತ್ಯಾಸ ಕಾಣುವುದು ಅದರಿಂದ. ದಂಡೆಯಲ್ಲಿ ಬಿದ್ದಿರುವ ಹಗುರವಾದ ಇಡೀ ಏಡಿ ಹಲವು ಸಲ ಸತ್ತ ಏಡಿಯಲ್ಲ, ಕಳಚಿದ ಪೊರೆ. ಅದನ್ನೂ ಎತ್ತಿಕೊಳ್ಳಿ. ಹಲ್ಲು, ಮುಳ್ಳು ಎಲ್ಲವೂ ಅದರಲ್ಲಿ ಅಚ್ಚಳಿಯದೆ ಇರುತ್ತವೆ, ಒಂದು ಜೀವ ತೆಗೆಯದೆ ಮಾದರಿ ಸಿಕ್ಕಂತಾಯಿತು.

ಹೆಸರಿನ ವಿಷಯಕ್ಕೆ ಬರೋಣ. ಚುಕ್ಕಿ ಏಡಿಯನ್ನು ಹೀಗೆ ಬರೆಯಿರಿ: ಪೋರ್ಚುನಸ್ ಸ್ಯಾಂಗ್ವಿನೊಲೆಂಟಸ್ (ಹರ್ಬ್ಸ್ಟ್, 1783). ಆ ಆವರಣ ಚಿಹ್ನೆಗಳನ್ನು ಕೈಬಿಡಬೇಡಿ. ಹರ್ಬ್ಸ್ಟ್ ಇದನ್ನು ಮೊದಲು ವಿವರಿಸಿದಾಗ ಕ್ಯಾನ್ಸರ್ ಎಂಬ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಕುಲ ಬದಲಾಯಿತು ಎಂಬುದನ್ನು ಅವು ತಿಳಿಸುತ್ತವೆ. ಹಳೆಯ ಪುಸ್ತಕಗಳಲ್ಲಿ ಇದೇ ಏಡಿ ನೆಪ್ಚೂನಸ್ ಸ್ಯಾಂಗ್ವಿನೊಲೆಂಟಸ್ ಎಂದು ಸಿಗುತ್ತದೆ. ಅದು ಬೇರೆ ಪ್ರಭೇದವಲ್ಲ. ಪೂರ್ವ ಆಫ್ರಿಕಾದಿಂದ ಹವಾಯಿ ದ್ವೀಪಗಳವರೆಗೆ ಇದು ಹರಡಿಕೊಂಡಿದೆ.

ನೀಲಿ ಏಡಿಯನ್ನು ಎರಡೂವರೆ ಶತಮಾನ ಪೋರ್ಚುನಸ್ ಪೆಲಾಜಿಕಸ್ ಎಂಬ ಒಂದೇ ಪ್ರಭೇದ ಎಂದು ತಿಳಿಯಲಾಗಿತ್ತು. 2010ರಲ್ಲಿ ಲೈ, ಎಂಗ್ ಮತ್ತು ಡೇವಿ ಎಂಬ ಮೂವರು ಸಂಶೋಧಕರು ಅದನ್ನು ನಾಲ್ಕಾಗಿ ಬಿಡಿಸಿದರು. ಆಗ್ನೇಯ ಮತ್ತು ಪೂರ್ವ ಏಷ್ಯಾದ್ದು ಪೆಲಾಜಿಕಸ್ ಆಗಿಯೇ ಉಳಿಯಿತು. ಆಸ್ಟ್ರೇಲಿಯಾ ಕಡೆಯದು ಆರ್ಮೇಟಸ್. ಹಿಂದೂ ಮಹಾಸಾಗರದ ಪೂರ್ವ ಭಾಗದ್ದು ರೆಟಿಕ್ಯುಲೇಟಸ್. ಅದಕ್ಕೂ 1799ರಲ್ಲಿ ಹೆಸರಿಟ್ಟವರು ಇದೇ ಹರ್ಬ್ಸ್ಟ್. ಪಾಕಿಸ್ತಾನದ ತೀರದಿಂದ ಪರ್ಷಿಯಾ ಕೊಲ್ಲಿ, ಕೆಂಪು ಸಮುದ್ರ, ಪೂರ್ವ ಆಫ್ರಿಕಾದವರೆಗಿನದು ಸೆಗ್ನಿಸ್. ಈ ಸೆಗ್ನಿಸ್ 1869ರಲ್ಲಿ ತೆರೆದ ಸೂಯೆಜ್ ಕಾಲುವೆಯ ಮೂಲಕ ದಾಟಿ 1898ರ ಹೊತ್ತಿಗೇ ಈಜಿಪ್ಟಿನ ಮೆಡಿಟರೇನಿಯನ್ ತೀರದಲ್ಲಿ ದಾಖಲಾಗಿತ್ತು. ಅಲ್ಲಿನ ಹಳೆಯ ಬರಹಗಳಲ್ಲಿ ಅದರ ಹೆಸರು ಪೆಲಾಜಿಕಸ್ ಎಂದೇ ಇದೆ. ಹೆಸರು ಬದಲಾದರೂ ಆ ಬರಹಗಳು ಇಂದಿಗೂ ಬಳಕೆಗೆ ಬರುವುದು ಅವುಗಳಲ್ಲಿ ಜಾಗ, ದಿನಾಂಕ, ವಿವರಣೆ ಇರುವುದರಿಂದ.

ಈ ನಾಲ್ಕನ್ನು ಬೇರ್ಪಡಿಸುವುದು ಬಂದರಿನಲ್ಲಿ ನಿಂತು ಮಾಡುವ ಕೆಲಸವಲ್ಲ. ಚಿಪ್ಪಿನ ಮಚ್ಚೆಯ ವಿನ್ಯಾಸ, ಗಂಡಿನ ಮೊದಲ ಜೊತೆ ಜನನ ಉಪಾಂಗದ ಆಕಾರ, ಅನೇಕ ವೇಳೆ ಡಿಎನ್‌ಎ ಕೂಡ ಬೇಕಾಗುತ್ತದೆ. ಆದ್ದರಿಂದ ನೀವು ‘ಪೋರ್ಚುನಸ್ ಪೆಲಾಜಿಕಸ್ ಗುಂಪು’ ಎಂದು ಬರೆದು, ಗಂಡಿನ ಒಂದು ಮಾದರಿಯನ್ನು ಉಳಿಸಿಡಿ. ತಜ್ಞರು ನೋಡಿದ ಮೇಲೆ ಹೆಸರನ್ನು ಬಿಗಿಮಾಡಬಹುದು. ಗೊತ್ತಿರುವಷ್ಟನ್ನೇ ಬರೆದ ದಾಖಲೆ ತಪ್ಪು ಹೆಸರಿನ ಪೂರ್ಣ ದಾಖಲೆಗಿಂತ ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಸರು ಏಡಿಗೂ ಇದೇ ಕಥೆ ನಡೆದಿದೆ. 1998ರಲ್ಲಿ ಕೀನನ್, ಡೇವಿ, ಮಾನ್ ಸೇರಿ ಸ್ಕಿಲ್ಲಾ ಕುಲದಲ್ಲಿ ನಾಲ್ಕು ಪ್ರಭೇದಗಳಿವೆ ಎಂದು ಸ್ಥಾಪಿಸಿದರು. ನಿಮ್ಮ ಪಟ್ಟಿಯಲ್ಲಿ ‘ಸ್ಕಿಲ್ಲಾ ಸೆರಾಟಾ’ ಎಂದು ಕಣ್ಣು ಮುಚ್ಚಿ ಬರೆಯುವ ಮೊದಲು ಇಕ್ಕಳದ ಮಣಿಕಟ್ಟಿನ ಗೆಣ್ಣನ್ನು ನೋಡಿ. ಹೊರಬದಿಯಲ್ಲಿ ಎರಡು ಚೂಪು ಮುಳ್ಳಿದ್ದು, ಎಲ್ಲ ಕಾಲಿನ ಮೇಲೂ ಜೇನುಗೂಡಿನ ಮಾದರಿಯ ಗೆರೆ ಸ್ಪಷ್ಟವಾಗಿದ್ದರೆ ಸೆರಾಟಾ. ಮುಳ್ಳು ಮೊಂಡಾಗಿ, ಗೆರೆಗಳಿಲ್ಲದೆ, ಇಕ್ಕಳ ಕೆಂಪು-ಕಿತ್ತಳೆಯಾಗಿದ್ದರೆ ಒಲಿವೇಸಿಯಾ.

ಶಿಲುಬೆ ಏಡಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೆಂಪು-ಕಂದು ಮೈ, ಕೆನೆಬಣ್ಣದ ಪಟ್ಟೆ, ಬೆನ್ನ ನಡುವೆ ಶಿಲುಬೆ, ಆರು ಹಲ್ಲು. ಆದರೆ ಅದರ ಸುತ್ತಲಿನ ನಂಬಿಕೆಗೆ ನಿಮ್ಮ ದಾಖಲಾತಿಯಲ್ಲಿ ಜಾಗ ಕೊಡಿ. 16ನೇ ಶತಮಾನದಲ್ಲಿ ಮೊಲುಕ್ಕಾ ದ್ವೀಪಗಳ ಬಳಿ ಬಿರುಗಾಳಿಯಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಶಿಲುಬೆ ಕಡಲು ಪಾಲಾಯಿತು, ಅದನ್ನು ಏಡಿಯೊಂದು ಹಿಡಿದು ತಂದು ಕೊಟ್ಟಿತು ಎಂಬ ಐತಿಹ್ಯವನ್ನು ಈ ಏಡಿಗೆ ಹೊಂದಿಸುತ್ತಾರೆ. ಆ ಸಂತರ ಪಾರ್ಥಿವ ಶರೀರವಿರುವುದು ಹಳೆ ಗೋವಾದ ಬೊಮ್ ಜೀಸಸ್ ಬೆಸಿಲಿಕಾದಲ್ಲಿ. ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಹಿರಿಯರನ್ನು ಕೇಳಿ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ. ತುಳುವಿನವರು ಡೆಂಜಿ ಎನ್ನುವುದನ್ನು, ಕೊಂಕಣಿಯವರು ಕುರ್ಲಿ ಎನ್ನುವುದನ್ನು, ಒಂದೊಂದು ಬಗೆಗೆ ನಿಮ್ಮೂರ ಮೀನುಗಾರರು ಇಟ್ಟಿರುವ ಹೆಸರನ್ನು ವೈಜ್ಞಾನಿಕ ಹೆಸರಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಇಡಬೇಕು.

ವಿವರಣೆಯ ಮಾದರಿ ಕೇಳಿದ್ದೀರಿ. ಚುಕ್ಕಿ ಏಡಿಗೆ ನಾನಾದರೆ ಹೀಗೆ ಬರೆಯುತ್ತೇನೆ:

‘ಚಿಪ್ಪು ಚಪ್ಪಟೆ, ಮುಳ್ಳು ಸೇರಿಸಿ ಅಳೆದರೆ ಅಗಲ ಉದ್ದದ ಸುಮಾರು ಎರಡು ಪಟ್ಟು. ಮುಂಭಾಗ ನವಿರಾದ ಹರಳು, ಹಿಂಭಾಗ ನುಣುಪು. ಹಣೆಯಲ್ಲಿ ನಾಲ್ಕು ಹಲ್ಲು. ಮುಂಪಕ್ಕದ ಅಂಚಿನಲ್ಲಿ ಕಣ್ಣಿನ ಹೊರ ಹಲ್ಲೂ ಸೇರಿ ಒಂಬತ್ತು, ಕೊನೆಯದು ಪಕ್ಕಕ್ಕೆ ಚಾಚಿದ ಉದ್ದ ಮುಳ್ಳು. ಇಕ್ಕಳ ನೀಳ, ಏಣುಗೆರೆಗಳುಳ್ಳದ್ದು. ಕೊನೆಯ ಕಾಲು ಹುಟ್ಟಿನ ಆಕಾರ. ಜೀವಂತವಿದ್ದಾಗ ಮೈ ಬೂದು ಹಸಿರು, ಚಿಪ್ಪಿನ ಹಿಂಭಾಗದಲ್ಲಿ ತಿಳಿ ಅಂಚಿನ ಮೂರು ದುಂಡು ಕೆಂಗಂದು-ನೇರಳೆ ಚುಕ್ಕಿ. ಲಿಂಗ, ಬಲಿತಿದೆಯೋ ಇಲ್ಲವೋ, ಮೊಟ್ಟೆ ಇದೆಯೋ ಇಲ್ಲವೋ. ಸಿಕ್ಕ ಜಾಗ, ಆಳ, ತಳ ಮರಳೋ ಕೆಸರೋ, ಯಾವ ಬಲೆ, ದಿನಾಂಕ.’

ಅಗಲವನ್ನು ಒಂಬತ್ತನೆಯ ಮುಳ್ಳಿನ ತುದಿಯಿಂದ ತುದಿಗೆ ಅಳೆದಿರೋ, ಮುಳ್ಳು ಬಿಟ್ಟು ಅಳೆದಿರೋ ಎಂದು ಖಂಡಿತ ನಮೂದಿಸಿ. ಎರಡೂ ರೂಢಿಯಲ್ಲಿವೆ, ಹೇಳದೇ ಹೋದರೆ ನಿಮ್ಮ ಸಂಖ್ಯೆಯನ್ನು ಯಾರೂ ಇನ್ನೊಂದಕ್ಕೆ ಹೋಲಿಸಲಾಗದು. ನಮ್ಮ ತೀರದಲ್ಲಿ ಹೋಲಿಸಲು ಒಳ್ಳೆಯ ಆಧಾರವೂ ಇದೆ. ಮಂಗಳೂರಿನ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಕೇಂದ್ರದ ಕೆ.ಕೆ. ಸುಕುಮಾರನ್ ಮತ್ತು ಕಾರವಾರದಲ್ಲಿ ಸಾಗರ ಜೀವವಿಜ್ಞಾನ ಕಲಿಸಿದ ಬಿ. ನೀಲಕಂಠನ್ 1990ರ ದಶಕದಲ್ಲಿ ಇದೇ ಎರಡು ಏಡಿಗಳ ಬೆಳವಣಿಗೆ, ಪ್ರಾಯಕ್ಕೆ ಬರುವ ಗಾತ್ರ ಇತ್ಯಾದಿಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಅವರು ಪೆಲಾಜಿಕಸ್ ಎಂದು ಬರೆದದ್ದನ್ನು ಇಂದು ನೀವು ಗುಂಪಿನ ಹೆಸರಾಗಿ ಓದಿಕೊಳ್ಳಬೇಕು.

ಜಾಗದ ಬಗ್ಗೆ ಇನ್ನೊಂದು ಮಾತು. ‘ಗಂಗೊಳ್ಳಿ ಬಂದರು’ ಎಂದಷ್ಟೇ ಬರೆದರೆ ಅದು ಏಡಿ ಇಳಿಸಿದ ಜಾಗ, ಏಡಿ ಬದುಕಿದ್ದ ಜಾಗವಲ್ಲ. ಟ್ರಾಲ್ ಬೋಟು ಎಲ್ಲಿಂದಲೋ ಹಿಡಿದು ತಂದಿರಬಹುದು. ಬೋಟಿನವರನ್ನು ಕೇಳಿದರೆ ಎಷ್ಟು ಮಾರು ನೀರಿನಲ್ಲಿ, ಯಾವ ದಿಕ್ಕಿನಲ್ಲಿ ಎಂದು ಹೇಳುತ್ತಾರೆ. ನೀಲಿ ಏಡಿ ಅಳಿವೆಯ ಒಳಗೂ ಬರುತ್ತದೆ, ಚುಕ್ಕಿ ಏಡಿಗೆ ಹೊರಗಡಲೇ ಹೆಚ್ಚು ಇಷ್ಟ. ಪಂಚಗಂಗಾವಳಿಯ ಅಳಿವೆ ನಿಮ್ಮ ಪಕ್ಕದಲ್ಲೇ ಇರುವುದರಿಂದ ಈ ವ್ಯತ್ಯಾಸವನ್ನು ನೀವೇ ಪರೀಕ್ಷಿಸಿ ನೋಡಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಬಂದರಿನಲ್ಲಿ ಏಡಿ ಕಾಣದಿದ್ದರೆ ‘ಮಳೆಗಾಲದಲ್ಲಿ ಇಲ್ಲ’ ಎಂದು ಬರೆಯಬಾರದು. ಹಿಡಿಯುವವರಿಲ್ಲ ಎಂದಷ್ಟೇ ಅದರ ಅರ್ಥ. ಆ ಎರಡು ತಿಂಗಳಿಗೆ ಕೈರಂಪಣಿಯವರನ್ನೂ ಅಳಿವೆಯಲ್ಲಿ ಬಲೆ ಬೀಸುವವರನ್ನೂ ಕೇಳಿ.

ಚಿತ್ರಗಳ ವಿಷಯ: ನೀವು ಕಳಿಸಿದ್ದರಲ್ಲಿ ಬೆನ್ನು ಮಾತ್ರ ಇದೆ. ಚುಕ್ಕಿ ಏಡಿಗೆ ಅದು ಸಾಕಾಯಿತು, ಉಳಿದವಕ್ಕೆ ಸಾಲದು. ಪ್ರತಿ ಏಡಿಗೂ ನೇರ ಮೇಲಿನಿಂದ ಒಂದು, ಹೊಟ್ಟೆಯ ಕಡೆಯಿಂದ ಒಂದು, ಹಣೆಯ ಹಲ್ಲು ಕಾಣುವಂತೆ ಎದುರಿನಿಂದ ಒಂದು, ಹುಟ್ಟುಗಾಲು ಬಿಡಿಸಿಟ್ಟು ಒಂದು. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಬಣ್ಣವಿರುವಾಗಲೇ, ಅಂದರೆ ಮಂಜುಗಡ್ಡೆಗೆ ಹಾಕುವ ಮೊದಲು ತೆಗೆಯಿರಿ. ಮೊಟ್ಟೆ ಹೊತ್ತ ಹೆಣ್ಣು ಜೀವಂತ ಸಿಕ್ಕರೆ ಚಿತ್ರ ತೆಗೆದು ನೀರಿಗೆ ಬಿಡಿ, ಮಾದರಿಗೆ ಗಂಡೇ ಸಾಕು. ಮುಂದಿನ ಸಲ ನೀಲಿ ಗಂಡೊಂದನ್ನು ಸ್ಪಿರಿಟ್‌ನಲ್ಲಿಟ್ಟು, ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಅದೇ ಬಾಟಲಿಯೊಳಗೆ ಹಾಕಿ ಮಂಗಳೂರಿನ ಮೀನುಗಾರಿಕಾ ಕಾಲೇಜಿಗೋ ಸಂಶೋಧನಾ ಕೇಂದ್ರಕ್ಕೋ ತೋರಿಸಿ. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ.